ಏಳನೇ ಭಾಗದ ಧೂಳು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಆ ಬಾಹ್ಯಾಕಾಶ ಸಿನಿಮಾ ಸರಣಿಯ ಏಳನೇ ಭಾಗ ನೋಡಿದೆ. ಹೈಸ್ಕೂಲಿನಿಂದ ಒಂದು ಭಾಗವನ್ನೂ ಬಿಡದ ನಾನು, ಈ ಪರದೇಶದ ಥಿಯೇಟರುಗಳಲ್ಲಿ ಇಂಟರ್ವಲ್ ಇಲ್ಲವಲ್ಲ ಎಂದು ಮೊದಲ ಸಲ ಕೊರಗಿದೆ. ಪಕ್ಕದಲ್ಲಿ ಇಲ್ಲೇ ಡ್ಯಾನ್‌ವಿಲ್ ಊರಿನಲ್ಲಿರುವ ಗೆಳೆಯ ರಘು. ಅವನಾಚೆ ಹಾಸನದಿಂದ ಬಂದಿರುವ ಅವನ ಅಮ್ಮ, ಕನ್ನಡಕ ತೆಗೆದಿಟ್ಟು ಒಳ್ಳೆಯ ನಿದ್ದೆಯಲ್ಲಿದ್ದರು. ರಘು ಇದೇ ಸಿನಿಮಾದ ಗ್ರಾಫಿಕ್ಸ್ ತಂಡದಲ್ಲಿ ಎರಡು ವರ್ಷ ದುಡಿದವನು. ಅದು ಗೊತ್ತಿದ್ದೂ, ಯುದ್ಧದ ದೃಶ್ಯದಲ್ಲಿ ಪರದೆ ತುಂಬ ಧೂಳೆದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಬರೀ ಧೂಳು ಕಣೋ. ಯಾರು ಮಾಡಿದ್ದೋ ಇದನ್ನ?"

"ನಾನೇ," ಎಂದ ರಘು.

ಆಮೇಲೆ ನಾನು ಪಾಪ್‌ಕಾರ್ನ್ ತಿನ್ನಲು ಮಾತ್ರ ಬಾಯಿ ತೆರೆದೆ.

ಸಿನಿಮಾ ಮುಗಿದದ್ದೇ ತಡ, ಜನ ಗೊಣಗುತ್ತಾ ಎದ್ದರು. ಅಭ್ಯಾಸಬಲದಿಂದ ನಾನೂ ಎದ್ದೆ. ಅಷ್ಟರಲ್ಲಿ ಎಚ್ಚರಗೊಂಡಿದ್ದ ಅಮ್ಮ ತಡೆದರು.

"ಎಲ್ಲಿಗಪ್ಪಾ ಹೊರಟೆ? ನಮ್ಮ ರಘು ಹೆಸ್ರು ಇನ್ನೂ ಬಂದೇ ಇಲ್ಲ."

ಖಾಲಿ ಥಿಯೇಟರಿನಲ್ಲಿ ನಾವು ಮೂವರೇ ಕೂತೆವು. ನೂರಾರು ಹೆಸರುಗಳ ನಡುವೆ ಅವನದೂ ಬಂತು, ಎರಡೇ ಸೆಕೆಂಡಿನಲ್ಲಿ ಮೇಲೆ ಹೋಯಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಅಮ್ಮ ಇನ್ನೂ ಪರ್ಸಿನಲ್ಲಿ ಕನ್ನಡಕ ಹುಡುಕುತ್ತಿದ್ದರು.

"ಬಂದ್ಹೋಯ್ತಾ?" ಎಂದರು. ರಘು ಪರದೆಯನ್ನೇ ನೋಡುತ್ತಿದ್ದ.

ನಾಳೆಯ ಮ್ಯಾಟಿನಿಗೆ ಮೂರು ಟಿಕೆಟ್ಟು ನಾನೇ ಬುಕ್ ಮಾಡಿದ್ದೇನೆ. ಅಮ್ಮ ಮನೆಯಿಂದಲೇ ಕನ್ನಡಕ ಹಾಕಿಕೊಂಡು ಬರುತ್ತಾರಂತೆ. ಧೂಳನ್ನು ಹೊಗಳುವ ಮಾತನ್ನು ನಾನೂ ಮನೆಯಿಂದಲೇ ಯೋಚಿಸಿಕೊಂಡು ಹೋಗಬೇಕು.