ಎಡಗಾಲಿನ ಬೂಟು

ಅವನು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಹೊಸ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಬಂದಿದ್ದ. ಅಡಿಯಲ್ಲಿ ಗಟ್ಟಿ ಉಬ್ಬುಗಳಿರುವ, ಫುಟ್‌ಬಾಲ್ ಆಡುವವರ ಬೂಟು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬೂಟು, ಚಪ್ಪಲಿ ಹೊಲಿಯುವ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಹೊಸದು, ಕಚ್ಚುತ್ತಿರಬೇಕು ಎಂದುಕೊಂಡು ಅಗಲ ಮಾಡುವ ಮರದ ಅಚ್ಚನ್ನು ಕೈಗೆತ್ತಿಕೊಂಡೆ. ಅವನು ಬೇಡ ಬೇಡವೆಂದು ಕೈಯಾಡಿಸಿದ. ಬೇರೆ ದೇಶದವನು, ನಮ್ಮ ಮಾತು ಬರುತ್ತಿರಲಿಲ್ಲ. ಎಡಗಾಲಿನ ಬೂಟನ್ನು ತೋರಿಸಿ ಮುಷ್ಟಿ ಬಿಗಿಹಿಡಿದ.

ಎದುರಿನ ಕ್ಷೌರದ ಅಂಗಡಿಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಅಜ್ಜಿ, ಅವನು ನಿಮ್ಮನ್ನ ಗುದ್ದಾಟಕ್ಕೆ ಕರೀತಿದಾನೆ."

"ಬಿಗಿ ಮಾಡಿ ಅಂತಿದಾನೆ. ನೀನು ಹೋಗಿ ನಿನ್ನ ಕತ್ತರಿ ನೋಡ್ಕೋ."

ಆ ಬೂಟು ಮೊದಲೇ ಅವನ ಕಾಲಿಗಿಂತ ಒಂದು ಅಳತೆ ಚಿಕ್ಕದು. ಆದರೂ ಪಕ್ಕದ ಹೊಲಿಗೆ ಬಿಚ್ಚಿ, ಚರ್ಮವನ್ನು ಒಂದು ಎಳೆಯಷ್ಟು ಒಳಗೆ ತೆಗೆದು, ಮೇಣದ ದಾರದಲ್ಲಿ ಮತ್ತೆ ಹೊಲಿದೆ. ಅವನು ಅದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಸಿಯಾಗಿಯೇ ತೊಟ್ಟು, ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆಯತೊಡಗಿದ. ಕಾಲಲ್ಲೇ ಒಣಗಿದ ಬೂಟು ಮೈಚರ್ಮದ ಹಾಗೆ ಕೂರುತ್ತದಂತೆ. ಸಂದು ಉಳಿದರೆ ಚೆಂಡು ಹೇಳಿದ ಕಡೆ ಹೋಗುವುದಿಲ್ಲವಂತೆ. ಇದನ್ನೆಲ್ಲ ಅವನು ಹೇಳಿದ್ದು ಮಾತು ಕಲಿತ ಮೇಲೆ. ಮಾತು ಕಲಿತದ್ದೂ ಹೀಗೆ ನಡೆಯುತ್ತಲೇ. ಕ್ಷೌರದವನು ಮೊದಲು ಕಲಿಸಿದ್ದೆಲ್ಲ ಬೈಗುಳ. ಅದರಲ್ಲೊಂದನ್ನು ಒಳ್ಳೆಯ ಮಾತೆಂದು ನಂಬಿ ತಂಡದ ಕೋಚಿಗೆ ಹೇಳಿ ಬಂದ. ಮೂರು ದಿನ ಕ್ಷೌರದವನು ಅವನ ಕಣ್ಣಿಗೆ ಬೀಳಲಿಲ್ಲ.

ಸಣ್ಣ ತಂಡಕ್ಕೆಂದು ಬಂದವನು ಎರಡನೆಯ ವರ್ಷಕ್ಕೆ ದೊಡ್ಡ ಮೈದಾನದ ತಂಡ ಸೇರಿದ. ಚೆಂಡನ್ನು ನಿಲ್ಲಿಸಿಟ್ಟು, ಎದುರು ಸಾಲಾಗಿ ನಿಂತ ಆಟಗಾರರ ತಲೆಯ ಮೇಲಿಂದ ಬಾಗಿಸಿ ಎಡಗಾಲಲ್ಲಿ ಒದೆಯುವುದು ಅವನ ಕೆಲಸ. ಜನ ಅವನಿಗೆ ಎಡಗಾಲಪ್ಪ ಎಂದೇ ಹೆಸರಿಟ್ಟರು. ನಾನು ಆಟ ನೋಡಲು ಹೋದವಳಲ್ಲ. ಮೈದಾನದ ಕೂಗು ಅಂಗಡಿಯವರೆಗೆ ಕೇಳುತ್ತಿತ್ತು. ಎಲ್ಲವೂ ಒಮ್ಮೆಲೇ ಸುಮ್ಮನಾಗಿ, ಆಮೇಲೆ ಹೋ ಎಂದು ಎದ್ದರೆ ಅದು ಅವನದು ಎಂದು ಗೊತ್ತಾಗುತ್ತಿತ್ತು.

ಹೆಂಡತಿ ಅವನ ದೇಶದಲ್ಲೇ ಆಸ್ಪತ್ರೆಯಲ್ಲಿ ನರ್ಸ್. ಮಗಳು ಹುಟ್ಟಿದಾಗಲೂ ಅವನು ಇಲ್ಲೇ ಇದ್ದ. ಪ್ರತಿವರ್ಷ ಹೊಸ ಜೋಡಿ ತಂದಾಗ, "ಇದೊಂದು ವರ್ಷ ಅಜ್ಜಿ, ಆಮೇಲೆ ಮನೆಗೆ" ಎನ್ನುತ್ತಿದ್ದ. ಪ್ರತಿವರ್ಷ ಅವನ ಎಡಗಾಲಿನ ಹೆಬ್ಬೆರಳು ಪಕ್ಕಕ್ಕೆ ವಾಲುತ್ತ ಬಂತು. ಉಗುರು ಕಪ್ಪಾಗಿ ಉದುರಿತು, ಗಿಣ್ಣು ಊದಿ ಗಟ್ಟಿಯಾಯಿತು.

"ಈ ಸಲ ಸ್ವಲ್ಪ ಸಡಿಲ ಇರ್ಲಪ್ಪಾ" ಎಂದರೆ, "ಸಡಿಲ ಆದ್ರೆ ನಾನು ಬರೀ ಅಪ್ಪ, ಎಡಗಾಲಪ್ಪ ಅಲ್ಲ" ಎಂದು ನಗುತ್ತಿದ್ದ.

ಒಂಬತ್ತನೆಯ ವರ್ಷ ಹೆಂಡತಿ, ಮಗಳು ರಜೆಗೆ ಬಂದರು. ಇಬ್ಬರನ್ನೂ ಅಂಗಡಿಗೆ ಕರೆತಂದ. ಮಗಳು ಅಮ್ಮನ ಹಿಂದೆ ಅಡಗಿಕೊಂಡು ಇವನನ್ನು ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು. ಒಲಿಸಿಕೊಳ್ಳಲು ಚಪ್ಪಲಿ, ಕಾಲುಚೀಲ ಕಳಚಿ, ಬರಿಗಾಲಲ್ಲಿ ಚೆಂಡು ತೆಗೆದುಕೊಂಡು ಬೀದಿಗಿಳಿದ. ಹುಡುಗಿ ಒದ್ದಳು, ಚೆಂಡು ಓಡಿತು, ಅವಳೂ ಓಡಿದಳು. ಇವನು ನಾಲ್ಕು ಹೆಜ್ಜೆ ಕುಂಟಿ ನನ್ನ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಹೆಂಡತಿ ಆ ಕಾಲನ್ನು ಆವತ್ತೇ ಸರಿಯಾಗಿ ನೋಡಿದ್ದು. ಕಾಲು ತೋರಿಸಿ, ಅಂಗಡಿಯಲ್ಲಿ ಹೊಲಿಗೆಗಿದ್ದ ಅವನ ಬೂಟು ತೋರಿಸಿ, ನನ್ನ ಕಡೆ ತಿರುಗಿ ಅವರ ಭಾಷೆಯಲ್ಲಿ ಗಡಗಡ ಮಾತಾಡಿದಳು.

"ಏನಂತಾಳೆ?"

"ನಿಮ್ಮ ಅಂಗಡಿ ಚೆನ್ನಾಗಿದೆ ಅಂತಾಳೆ."

"ಅಂಗಡಿ ಹೊಗಳೋಕೆ ಯಾರಾದ್ರೂ ಅಳ್ತಾರೇನೋ?" ಎಂದೆ. ಅವನು ತಲೆ ತಗ್ಗಿಸಿದ.

ಅವರು ವಾಪಸು ಹೋದ ಮೇಲೆ ಅವನು ತಂಡದ ಡಾಕ್ಟರನ್ನು ಕಂಡ. ಈಗಲೇ ಆಪರೇಷನ್ ಮಾಡಿಸಿದರೆ ಮತ್ತೆ ಓಡಬಹುದು, ಆದರೆ ದೊಡ್ಡ ಆಟ ಮುಗಿದ ಹಾಗೆ. ಇನ್ನೊಂದು ವರ್ಷ ಆಡಿದರೆ ಗಿಣ್ಣು ಪೂರ್ತಿ ಹೋಗುತ್ತದೆ, ಓಡುವ ಮಾತೇ ಇಲ್ಲ ಎಂದರಂತೆ ಡಾಕ್ಟರು. ತಂಡದವರು ಮಾತ್ರ ಇನ್ನೊಂದು ವರ್ಷದ ಕರಾರು ಮುಂದಿಟ್ಟಿದ್ದರು. ಇದನ್ನೆಲ್ಲ ಅವನು ಬೆನ್ನು ನನ್ನ ಕಡೆ ಮಾಡಿ, ಬೀದಿ ನೋಡುತ್ತ ಹೇಳಿದ. ಕಾಲು ಅವನದು, ಮನೆಯೂ ಅವನದು.

ವಾರ ಕಳೆದು, ಹೊಸ ಜೋಡಿಯ ಡಬ್ಬಿ ಹಿಡಿದು ಬಂದ. ಹಾಗಾದರೆ ಇನ್ನೊಂದು ವರ್ಷ ಆಡುವವನೇ ಎಂದುಕೊಂಡೆ. ಎಡಗಾಲಿನದನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆ ಬಿಚ್ಚಲು ಉಳಿ ತೆಗೆದುಕೊಂಡೆ. ನೀರು ಕಾಯಿಸಲು ಇಟ್ಟೆ. ಅವನು ಏಳಲಿಲ್ಲ, ಸ್ಟೂಲಿನ ಮೇಲೆ ಕುಳಿತೇ ಇದ್ದ.

"ಏನೋ ಎಡಗಾಲಪ್ಪ, ಇವತ್ತು ಪೆರೇಡ್ ಇಲ್ವಾ?" ಎಂದು ಕ್ಷೌರದವನು ಆ ಕಡೆಯಿಂದ ಕೂಗಿದ.

ಅವನು ನನ್ನ ಕೈಯಿಂದ ಉಳಿಯನ್ನು ಮೆತ್ತಗೆ ತೆಗೆದು ಪಕ್ಕಕ್ಕಿಟ್ಟ.

"ಕರಾರು ಬೇಡ ಅಂದೆ ಅಜ್ಜಿ. ನಾಳಿದ್ದು ಹೊರಡ್ತೀನಿ. ಆಪರೇಷನ್ ಅಲ್ಲೇ, ಅವಳ ಆಸ್ಪತ್ರೇಲಿ."

"ಮತ್ತೆ ಈ ಬೂಟು?"

ಅವನು ಗೋಡೆಯ ಮೇಲಿನ ಅಚ್ಚುಗಳನ್ನು ನೋಡಿದ. ಯಜಮಾನರು ಕೆತ್ತಿದ್ದು, ಎಲ್ಲಕ್ಕಿಂತ ದೊಡ್ಡದು ಮೇಲಿನ ಮೊಳೆಯಲ್ಲಿತ್ತು. ಎದ್ದು, ಕುಂಟುತ್ತ ಹೋಗಿ, ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟ.

"ಇದನ್ನ ಹಾಕಿ ಹಿಗ್ಗಿಸಿ ಕೊಡಿ. ಕಾಲು ವಾಸಿ ಆದ್ಮೇಲೆ, ದಪ್ಪ ಕಾಲುಚೀಲ ತೊಟ್ಕೊಂಡು, ನನ್ನ ಮಗಳ ಹಿಂದೆ ಓಡೋವಷ್ಟು ಸಡಿಲ. ಆಗುತ್ತಾ ಅಜ್ಜಿ?"