ದಿಲ್ಲಿ ಮುಟ್ಟಿದ ಎಂಟು ರೂಪಾಯಿ ಅಕ್ಕರೆ

ಭಾತಂಬ್ರಾದ ಮೊದಲ ಬಸ್ಸು ಭಾಲ್ಕಿಗೆ ಬಂದು ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಲೆ ಮೇಲೆ ಸೆರಗು, ಹೆಗಲಿಗೆ ಚೀಲ, ಕಾಲಲ್ಲಿ ಒಂದು ಕಡೆ ಸವೆದ ಚಪ್ಪಲಿ. ಆಮ್ರಪಾಲಿ ಬಸ್ಸಿಳಿದು ಪೇಟೆಯ ಕಡೆ ಸರಸರ ನಡೆಯುತ್ತಾರೆ. ಉಸ್ಮಾನ ಮಿಯಾ ಅವರ ಕಿರಾಣಿ ಅಂಗಡಿಯ ಶಟರ್ ಆಗತಾನೇ ಮೇಲೆದ್ದಿದೆ, ಮುಂದೆ ಮೂವರು ಗಿರಾಕಿಗಳು. ಆ ಗಿರಾಕಿಗಳ ಹಿಂದೆ, ಜೋಳದ ಚೀಲಗಳ ಮರೆಗೆ ಆಮ್ರಪಾಲಿ ನಿಲ್ಲುತ್ತಾರೆ. ಏನನ್ನೂ ಕೊಳ್ಳುವುದಿಲ್ಲ, ಏನನ್ನೂ ಕೇಳುವುದಿಲ್ಲ. ಮುಂದಿನವರಿಗೆ ತೊಗರಿ ಬೇಳೆಯನ್ನು ಕಿಲೋಗೆ ಎಷ್ಟೆಂದು ಹೇಳುತ್ತಾರೋ ಅದನ್ನು ಕಿವಿಗೊಟ್ಟು ಕೇಳಿ ಫಾರಂನಲ್ಲಿ ಬರೆದುಕೊಳ್ಳುತ್ತಾರೆ.

"ಬರಕೊಂಡ್ರೇನು ಮೇಡಮ್?" ಉಸ್ಮಾನ ಮಿಯಾ ತಕ್ಕಡಿಯಿಂದ ತಲೆ ಎತ್ತುವುದಿಲ್ಲ.

"ಬರಕೊಂಡೆ ಚಾಚಾ."

ಅಷ್ಟೇ ಮಾತು. ಆ ‘ಮೇಡಮ್’ ಕಿವಿಗೆ ಬಿದ್ದಾಗಲೆಲ್ಲ ಆಮ್ರಪಾಲಿಯವರ ಮುಖ ಸಣ್ಣದಾಗುತ್ತದೆ. ಹೋದ ವರ್ಷದವರೆಗೂ ಇದೇ ಅಂಗಡಿಯಲ್ಲಿ ಅವರಿಗೆ ‘ಬೇಟಿ’ ಎಂಬ ಹೆಸರಿತ್ತು, ಕೂರಲು ಸ್ಟೂಲಿತ್ತು, ಬಿಸಿ ಚಹಾ ಇತ್ತು.

ಆಮ್ರಪಾಲಿಯವರಿಗೆ ಈಗ ನಲವತ್ತಾರು. ಹತ್ತೊಂಬತ್ತು ವರ್ಷಗಳಿಂದ ಅವರದು ಸರಕಾರದ ಪರವಾಗಿ ಪೇಟೆಯ ಬೆಲೆ ಬರೆದುಕೊಳ್ಳುವ ಕೆಲಸ. ಸೋಮವಾರ ಭಾಲ್ಕಿ, ಬುಧವಾರ ಔರಾದ, ಶುಕ್ರವಾರ ಬೀದರ. ಅದೇ ಅಂಗಡಿ, ಅದೇ ದರ್ಜೆಯ ಸಾಮಾನು, ಅದೇ ಅಳತೆ; ಒಂದು ವಾರವೂ ತಪ್ಪುವಂತಿಲ್ಲ. ಅಕ್ಕಿ, ಜೋಳ, ಕುಸುಬೆ ಎಣ್ಣೆ, ಬಸ್ ಚಾರ್ಜು, ಸಾಲೆಯ ಅಂಗಿ ಹೊಲಿಸುವ ಕೂಲಿ, ತಲೆನೋವಿನ ಗುಳಿಗೆ ಎಲ್ಲ ಸೇರಿ ಪಟ್ಟಿಯಲ್ಲಿ ನೂರಾ ಎಪ್ಪತ್ತು ಬಾಬತ್ತುಗಳಿವೆ. ಊರೂರಿನ ಇಂಥ ಪಟ್ಟಿಗಳನ್ನು ಕೂಡಿಸಿಯೇ ಮೇಲಿನವರು ‘ತುಟ್ಟಿ ಇಷ್ಟು ಏರಿದೆ, ಇಷ್ಟು ಇಳಿದಿದೆ’ ಎಂದು ಲೆಕ್ಕ ಹಾಕುತ್ತಾರೆ. ಸಂಸತ್ತಿನಲ್ಲಿ ಬಜೆಟ್ ಮೇಲೆ ವಾದ ನಡೆದಾಗ ಅತ್ತಲವರೂ ಇತ್ತಲವರೂ ಕೈಯಲ್ಲಿ ಹಿಡಿದು ಬೀಸುವ ಕಾಗದದ ಬೇರು ಈ ಜೋಳದ ಚೀಲಗಳ ಮರೆಯಲ್ಲಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಟ್ಟಿಯ ಒಂದು ಸಾಲು ಅವರನ್ನು ಅಳಿಸುವುದೊಂದು ಬಾಕಿ ಇತ್ತು. ಅದು ದಾಡಿ ಮಾಡಿಸುವ ದರ. ಔರಾದಿನ ಹುಸೇನ ಅವರ ಕ್ಷೌರದಂಗಡಿಗೆ ಹೆಣ್ಣುಮಗಳೊಬ್ಬಳು ಹೊಕ್ಕು ‘ದಾಡಿಗೆ ಎಷ್ಟ್ರಿ?’ ಎಂದರೆ ಕುರ್ಚಿಯಲ್ಲಿದ್ದವರು ಸುಮ್ಮನಿರುತ್ತಾರೆಯೇ?

"ಒಬ್ಬಾತ, ಮುಖದ ತುಂಬ ಸಾಬೂನಿನ ನೊರಿ ಇತ್ರಿ, ‘ಯಾಕವ್ವಾ, ನೀನೂ ಮಾಡಿಸ್ಕೋತೀಯೇನು?’ ಅಂದ. ನಾನೂ ಬಿಡಲಿಲ್ಲ. ‘ನಿಂದು ಹ್ಯಾಂಗ ಮಾಡ್ತಾರ ನೋಡಿ ಹೇಳ್ತೇನಿ’ ಅಂದೆ. ಅವತ್ತಿನಿಂದ ನಾ ಹೋದ್ರ ಹುಸೇನ ಭಾಯಿನೇ ಎಲ್ಲಾರ ಬಾಯಿ ಮುಚ್ಚಸ್ತಾರ್ರಿ," ಎಂದು ನಗುತ್ತಾರೆ.

ತಿಂಗಳಿಗೆ ಕೈಗೆ ಬರುವುದು ಹದಿನಾಲ್ಕು ಸಾವಿರ. ಕಾಯಂ ನೌಕರಿಯಲ್ಲ, ವರ್ಷ ವರ್ಷ ಕರಾರು. ಆಮ್ರಪಾಲಿಯವರ ಆಸೆ ಮಾತ್ರ ಸಂಬಳದ ಮೇಲಿರಲಿಲ್ಲ. ತಾನು ಬರೆದುಕೊಂಡ ಒಂದಾದರೂ ಅಂಕಿಯನ್ನು ಆ ದೊಡ್ಡ ಸಭೆಯಲ್ಲಿ ಯಾರಾದರೂ ಬಾಯಿ ಬಿಟ್ಟು ಹೇಳುವುದನ್ನು ಕೇಳಬೇಕು. ಫೆಬ್ರುವರಿ ಬಂತೆಂದರೆ ಅಡುಗೆಮನೆಯ ಗೂಡಿನಲ್ಲಿ ಮೊಬೈಲು ಒರಗಿಸಿ, ರೊಟ್ಟಿ ಬಡಿಯುತ್ತ ಬಜೆಟ್ ಚರ್ಚೆ ಕೇಳುವುದು ಅವರ ವ್ರತ. ‘ಸಿನಿಮಾ ನೋಡೋ ವಯಸ್ಸಿನ್ಯಾಗ ಇಕಿ ಇದನ್ನ ನೋಡಿದಳು’ ಎಂದು ಅತ್ತೆ ಅನುಸೂಯಾಬಾಯಿ ಇಂದಿಗೂ ಆಡಿಕೊಳ್ಳುತ್ತಾರೆ.

ಹೋದ ವರ್ಷ ಆ ದಿನ ಬಂದೇ ಬಂತು. ಚರ್ಚೆಯಲ್ಲಿ ಸದಸ್ಯರೊಬ್ಬರು ಎದ್ದು, ನಮ್ಮ ಸೀಮೆಯಲ್ಲಿ ಬೇಳೆ ಬಡವರ ಕೈಗೆ ಎಟುಕುತ್ತಿಲ್ಲ, ಅಗ್ಗದ ದರದಲ್ಲಿ ಹಂಚಲು ಇಟ್ಟಿರುವ ಹಣ ಯಾತಕ್ಕೂ ಸಾಲದು ಎಂದರು. ಉತ್ತರ ಕೊಡಲು ಎದ್ದವರು ಕಾಗದ ನೋಡಿ ಓದಿದರು: ಭಾಲ್ಕಿ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ ನೂರಾ ಹನ್ನೆರಡು ರೂಪಾಯಿ, ಸುತ್ತಲ ಪೇಟೆಗಳಿಗಿಂತ ಕಡಿಮೆ, ಹೆಚ್ಚಿನ ಹಣದ ಅಗತ್ಯ ಕಾಣುವುದಿಲ್ಲ. ಕೇಳಿದವರು ಪಾಪ, ತಮ್ಮ ಕಾಗದ ಮಡಚಿ ಕುಳಿತರು.

ಇಲ್ಲಿ ಭಾತಂಬ್ರಾದಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ‘ನನ್ನ ಭಾಲ್ಕಿ! ನನ್ನ ಬ್ಯಾಳಿ!’ ಎಂದು ಆಮ್ರಪಾಲಿ ಕೂಗಿದ ಕೂಗಿಗೆ ಹಾವು ಕಂಡಿತೇನೋ ಎಂದು ಅತ್ತೆ ಕೋಲು ಹಿಡಿದು ಓಡಿ ಬಂದರಂತೆ. ಸಂಗತಿ ತಿಳಿದ ಮೇಲೆ ಓಣಿಗೆಲ್ಲ ಸಕ್ಕರೆ ಹಂಚಿದವರೂ ಅವರೇ.

ಆ ಸಕ್ಕರೆಯ ಸಿಹಿ ಒಂದು ವಾರವೂ ನಿಲ್ಲಲಿಲ್ಲ. ಮುಂದಿನ ಸೋಮವಾರ ಬಸ್ಸಿನಲ್ಲಿ ಪಕ್ಕದ ಮನೆಯ ದಾನಮ್ಮ ಗೊಣಗುತ್ತಿದ್ದರು, ಉಸ್ಮಾನ ಮಿಯಾ ಬೇಳೆಗೆ ನೂರಾ ಇಪ್ಪತ್ತು ಹೇಳುತ್ತಾರೆಂದು. ನೂರಾ ಹನ್ನೆರಡಲ್ಲವೇ, ಹೋದ ವಾರ ನಾನೇ ರೊಕ್ಕ ಕೊಟ್ಟು ಕಿಲೋ ತಂದಿದ್ದೇನೆ ಎಂದರು ಆಮ್ರಪಾಲಿ. ದಾನಮ್ಮ ನಕ್ಕುಬಿಟ್ಟರು. "ಅಯ್ಯ ನಮ್ಮವ್ವಾ, ಅದು ನಿನಗಷ್ಟೇ! ನೀ ಅವರ ಮಗಳ ಗೆಳತಿ. ನಮಗ ಯಾರು ಕೊಡ್ತಾರ?"

ಉಸ್ಮಾನ ಮಿಯಾ ಅವರ ಮಗಳು ಸಕೀನಾ ಮತ್ತು ಆಮ್ರಪಾಲಿ ಸಾಲೆಯಲ್ಲಿ ಒಂದೇ ಬೆಂಚಿನವರು. ಬೇಳೆ ತುಟ್ಟಿಯಾದಾಗ ಮಗಳಂಥವಳಿಗೆ ಏರಿಸಿ ಹೇಳಲು ಮುದುಕರಿಗೆ ಬಾಯಿ ಬಂದಿರಲಿಲ್ಲ. ಹಳೆಯ ದರವನ್ನೇ ಹೇಳಿದರು, ಅದೇ ದರಕ್ಕೆ ಕೊಟ್ಟೂ ಕೊಟ್ಟರು. ಸುಳ್ಳು ಎಲ್ಲೂ ಇರಲಿಲ್ಲ, ಇದ್ದದ್ದು ಅಕ್ಕರೆ. ಹನ್ನೊಂದು ವಾರ ಆ ಅಕ್ಕರೆ ಫಾರಂ ಹತ್ತಿ, ದಿಲ್ಲಿ ಮುಟ್ಟಿ, ಬೇಳೆ ಬೇಡಿದವರ ಬಾಯಿ ಮುಚ್ಚಿಸಿತ್ತು.

"ಹತ್ತೊಂಬತ್ತು ವರ್ಷದಾಗ ನಂದು ಒಂದೇ ಅಂಕಿ ಅಲ್ಲಿ ಕೇಳಿಸ್ತು. ಅದೇ ತಪ್ಪಿಂದು," ಎನ್ನುವಾಗ ಅವರ ದನಿ ಇಳಿಯುತ್ತದೆ.

ಬೀದರದ ಕಚೇರಿಯಲ್ಲಿ ಅವರ ಫಾರಂ ನೋಡುವ ಮೇಲ್ವಿಚಾರಕ ಸಂಜುಕುಮಾರ ಒಳ್ಳೆಯ ಮನುಷ್ಯ. ಒಳ್ಳೆಯವರು ಹೇಳುವುದನ್ನೇ ಹೇಳಿದರು: "ಅಕ್ಕೋರೆ, ಎಂಟು ರೂಪಾಯಿ ಯಾರ ನೋಡ್ತಾರ್ರಿ? ಮುಂದಿನ ವಾರದಿಂದ ಖರೆ ಬರೀರಿ. ನಿಮ್ಮ ಕರಾರು ಬ್ಯಾರೆ ಮುಗೀಲಿಕ್ಕೆ ಬಂದದ." ಆಮ್ರಪಾಲಿ ಅಲ್ಲೇ ಕುಳಿತು ಹನ್ನೊಂದು ವಾರದ ತಪ್ಪನ್ನೂ ಬರೆದು ಕೊಟ್ಟರು. ಸಂಜುಕುಮಾರ ನಿಟ್ಟುಸಿರು ಬಿಟ್ಟು ತಾವೂ ಸಹಿ ಹಾಕಿದರು. ಕರಾರು ಒಂದು ವರ್ಷದ ಬದಲು ಆರು ತಿಂಗಳಿಗೆ ಇಳಿಯಿತು. ಈಗಲೂ ಆರಾರು ತಿಂಗಳಿಗೇ ನಡೆದಿದೆ. ಅಚ್ಚಾದ ಬೆಲೆಪಟ್ಟಿಯ ಪುಸ್ತಕದಲ್ಲಿ ಭಾಲ್ಕಿಯ ಸಾಲಿಗೆ ಒಂದು ಚುಕ್ಕೆ ಬಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ‘ತಿದ್ದಿದೆ’ ಎಂದು. ಆ ಹಾಳೆಯ ನಕಲು ಅವರ ಚೀಲದಲ್ಲಿದೆ, ಮಡಿಕೆಯಲ್ಲಿ ಹರಿಯತೊಡಗಿದೆ.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆಯಲ್ಲಿ ಓದಿದ ನೂರಾ ಹನ್ನೆರಡನ್ನು ತಿದ್ದಿ ಓದಲು ಯಾರೂ ಏಳಲಿಲ್ಲ. ಆ ಅಧಿವೇಶನ ಮುಗಿಯುವವರೆಗೂ ಆಮ್ರಪಾಲಿ ಒಂದು ದಿನ ಬಿಡದೆ ಮೊಬೈಲಿನ ಮುಂದೆ ಕುಳಿತರು. ಈ ವರ್ಷವೂ ಕುಳಿತರು. ಭಾಲ್ಕಿಯ ಹೆಸರು ಬರಲಿಲ್ಲ.

ಉಸ್ಮಾನ ಮಿಯಾ ಅವರಿಗೆ ಸಂಗತಿ ಹೇಳಿದ್ದೂ ಆಮ್ರಪಾಲಿಯೇ. ಮುದುಕರು ತಕ್ಕಡಿ ಬದಿಗಿಟ್ಟರಂತೆ. "ಬೇಟಿಗಿ ಕಮ್ಮಿ ಹೇಳಿದ್ದು ಗುನಾ ಆತೇನು?" ಎಂದು ಕೇಳಿದ್ದೇ ಕೊನೆ. ಆಮೇಲೆ ‘ಬೇಟಿ’ ಹೋಗಿ ‘ಮೇಡಮ್’ ಬಂತು. ಕೋಪ ಹೆಚ್ಚೋ, ತಮ್ಮಿಂದ ಇವಳ ನೌಕರಿಗೆ ಕುತ್ತು ಬಂತೆಂಬ ನಾಚಿಕೆ ಹೆಚ್ಚೋ, ಅವರಿಗೇ ಗೊತ್ತು. ಆಮ್ರಪಾಲಿಯೂ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡಿದ್ದಾರೆ: ಬೆಲೆ ಬರೆಯುವ ಅಂಗಡಿಯಲ್ಲಿ ಚಹಾ ಕುಡಿಯುವುದಿಲ್ಲ, ಮನೆಗೆ ಬೇಳೆ ಒಯ್ಯುವುದಿಲ್ಲ. ಬರೆದದ್ದು ಮುಗಿಸಿ ಹೊರಡುವಾಗ ಮಾತ್ರ ಸ್ಟೂಲು ಇದ್ದ ಜಾಗದ ಕಡೆ ಕಣ್ಣು ಹೋಗುತ್ತದೆ. ಅಲ್ಲಿ ಈಗ ಎಣ್ಣೆಯ ಡಬ್ಬಿಗಳಿವೆ.

ನಿಲ್ದಾಣದಲ್ಲಿ ಚಹಾ ಹಿಡಿದು ಮುಂದಿನ ಬಸ್ಸು ಕಾಯುತ್ತಾರೆ. ಏನು ಆಸೆಯಿದೆ ಎಂದರೆ ಮೊದಲು ದಿಲ್ಲಿಯ ಮಾತೇ ಬರುತ್ತದೆ. "ಅಲ್ಲಿ ಯಾರರೆ ಒಬ್ಬರು ಎದ್ದು ‘ಭಾಲ್ಕಿ ಬ್ಯಾಳಿ ನೂರಾ ಹನ್ನೆರಡಲ್ಲ, ನೂರಾ ಇಪ್ಪತ್ತಿತ್ತು’ ಅನ್ಬೇಕ್ರಿ. ನನ್ನ ಹೆಸರು ಬ್ಯಾಡ. ಬ್ಯಾಳಿ ಕೇಳಿದ ಮಂದಿ ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾದ್ರ ಸಾಕು."

ಚಹಾದ ಗ್ಲಾಸು ಕೆಳಗಿಟ್ಟು ಪೇಟೆಯ ಕಡೆ ನೋಡುತ್ತಾರೆ. ಬಸ್ಸು ಬಂದರೂ ಗಡಿಬಿಡಿ ಮಾಡುವುದಿಲ್ಲ.

"ಇನ್ನೊಂದ ಆಸಿ ಅದರಿ, ಸಣ್ಣದು. ಈ ಕೆಲಸ ಬಿಟ್ಟ ಮರುದಿನ ಫಾರಂ ಮನ್ಯಾಗ ಇಟ್ಟು, ಬರೀ ಚೀಲ ಹಿಡ್ಕೊಂಡು ಚಾಚಾನ ಅಂಗಡಿಗಿ ಹೋಗ್ತೇನಿ. ಮರಿಗಿ ನಿಂದ್ರಂಗಿಲ್ಲ, ಎಲ್ಲಾರಕಿಂತ ಮುಂದ ನಿಂದರ್ತೇನಿ. ‘ಬೇಟಿ, ನಿನಗ ಎಂಟು ರೂಪಾಯಿ ಕಮ್ಮಿ’ ಅಂತಾರೇನು ನೋಡ್ತೇನಿ. ಅವತ್ತ ನಾ ಬರಕೊಳ್ಳಂಗಿಲ್ರಿ."