ಹತ್ತರಿಂದ ಐದರವರೆಗೆ ಮೆಟ್ಟಿಲ ಮೇಲೆ

ನಮ್ಮ ಮಹಡಿ ಮೇಲಿನ ಮನೆಯ ಸೊಸೆಯನ್ನು ನಾವೆಲ್ಲ ಪಟ್ಟಿಯಕ್ಕ ಎಂದೇ ಕರೆಯುತ್ತೇವೆ. ಸಂಶೋಧನಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಜನ ಮನೆಯಿಂದಲೇ ಕೆಲಸ ಮಾಡಿದರೆ ಪರಿಸರಕ್ಕೆ ಲಾಭವೋ ನಷ್ಟವೋ ಎಂದು ಲೋಕದವರು ಬರೆದದ್ದನ್ನೆಲ್ಲ ಓದಿ ಪಟ್ಟಿ ಮಾಡುತ್ತಾಳೆ. ಅದನ್ನೂ ಮನೆಯಿಂದಲೇ ಮಾಡುತ್ತಾಳೆನ್ನಿ.

"ಮೊದಮೊದಲು ರಸ್ತೇಲಿ ಹೊಗೆ ಕಮ್ಮಿ ಆಯ್ತು ಅಂತ ಎಲ್ಲರೂ ಕುಣಿದ್ರು. ಆಮೇಲೆ ಮನೆಮನೇಲಿ ಉರಿಯೋ ದೀಪ, ತಿರುಗೋ ಫ್ಯಾನು ಎಣಿಸಿದ್ರು, ಮುಖ ಸಪ್ಪಗಾಯ್ತು. ಈಗ ಊರಾಚೆ ಮನೆ ಮಾಡಿ ವಾರಕ್ಕೊಂದ್ಸಲ ಕಾರಲ್ಲಿ ಬರೋರನ್ನ ಎಣಿಸೋ ಸರದಿ," ಎಂದು ಒಮ್ಮೆ ನನಗೆ ಹೇಳಿದ್ದಳು.

ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅತ್ತೆಗೋ ಬಿಡದ ಕೆಮ್ಮು. ಹತ್ತಕ್ಕೆ ಸೊಸೆ ಕಂಪ್ಯೂಟರ್ ತೆರೆದರೆ ಅತ್ತೆ ಬಾಗಿಲಾಚೆ, ಮೆಟ್ಟಿಲ ಮೇಲೆ.

"ಇಲ್ಲಿ ಗಾಳಿ ಚೆನ್ನಾಗಿದೆ ಕಣೆ," ಎನ್ನುತ್ತಾರೆ.

ಎರಡು ವರ್ಷದಿಂದ ಅದೇ ಗಾಳಿ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮನೆ ಅತ್ತೆಯದೇ. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ಕೊಂಡದ್ದು.

ಹೋದ ತಿಂಗಳು ಸಂಸ್ಥೆಯವರು ಕರೆಂಟು ಉಳಿಯುತ್ತದೆಂದು ಆಫೀಸನ್ನೇ ಮುಚ್ಚಲು ಹೊರಟರು. ಪಟ್ಟಿಯಕ್ಕನಿಗೆ ಒಳಗೊಳಗೇ ಖುಷಿ. ಎರಡೆರಡು ಬಸ್ಸು ಹತ್ತಿಳಿಯುವ ಕಾಟ ಶಾಶ್ವತವಾಗಿ ತಪ್ಪುತ್ತದಲ್ಲ. ಅತ್ತೆಗೆ ಮೆಟ್ಟಿಲು ಕಾಯಂ ಆಗುವುದನ್ನು ಕೇಳುವವರು ಯಾರು?

ಅದು ತೀರ್ಮಾನವಾಗುವ ದಿನ ನಾನು ಅತ್ತೆಯ ಪಕ್ಕದಲ್ಲಿ ಟೀ ಹಿಡಿದು ಕೂತಿದ್ದೆ. ಒಳಗೆ ಕಂಪ್ಯೂಟರಿನಿಂದ ಸಂಸ್ಥೆಯ ನಿರ್ದೇಶಕರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಮನೇಲಿರೋ ಉಳಿದವರಿಗೆ ತೊಂದರೆ ಅಂತ ನೀವು ಓದಿರೋದ್ರಲ್ಲಿ ಎಲ್ಲೂ ಇಲ್ವಲ್ಲ? ತೊಂದರೆ ಇಲ್ಲ ಅಂತಲೇ ವರದೀಲಿ ಬರೆದುಬಿಡೋಣ್ವಾ?"

ಅದೇ ಹೊತ್ತಿಗೆ ಅತ್ತೆಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಟವೆಲನ್ನು ಬಾಯಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು ಬಂದರೂ ದನಿ ಹೊರಡಿಸಲಿಲ್ಲ. ನನಗೆ ತಡೆಯಲಾಗಲಿಲ್ಲ, ಬಾಗಿಲು ಬಡಿಯಲು ಎದ್ದೇಬಿಟ್ಟೆ. ಅಷ್ಟರಲ್ಲಿ ಸೊಸೆಯೇ ಬಾಗಿಲು ತೆರೆದಳು. ಅತ್ತೆಯನ್ನು ನೋಡಿದಳು, ಟವೆಲನ್ನು ನೋಡಿದಳು.

"ಓದಿರೋದ್ರಲ್ಲಿ ಇಲ್ಲ ಸರ್, ನಮ್ಮನೇಲಿದೆ," ಎಂದು ಅಲ್ಲಿಂದಲೇ ಕೂಗಿ ಹೇಳಿದಳು. "ಆಫೀಸು ಮುಚ್ಚಬೇಡಿ. ನಾಳೆಯಿಂದ ನಾನು ಬರ್ತೀನಿ."

ಇಷ್ಟು ದಿನ ಅವಳನ್ನು ಬೈದುಕೊಂಡಿದ್ದ ನನಗೇ ನಾಚಿಕೆಯಾಯಿತು.

"ಒಳಗೆ ಬನ್ನಿ ಅತ್ತೆ, ಕೂತ್ಕೊಳ್ಳಿ."

ಅತ್ತೆ ಹೋಗಿ ತಮ್ಮದೇ ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಪಿಸುದನಿಯಲ್ಲಿ ಕೇಳಿದರು:

"ಎಷ್ಟೊತ್ತು ಕೂತಿರಬಹುದಮ್ಮಾ?"